ಫ್ರಾನ್ಸಿನ ಪ್ರಾಂತಗಳು ಮತ್ತು ಜಿಲ್ಲೆಗಳು

ಕಂದಾಯ, ನ್ಯಾಯ ಮತ್ತು ಚುನಾವಣೆಗಳ ಅನುಕೂಲಕ್ಕಾಗಿ ಸರ್ಕಾರ ಕಾನೂನಿನ ಮೂಲಕ ರಚಿಸುವ ಆಡಳಿತ ವಿಭಾಗಗಳು ಒಂದು ಬಗೆಯವಾದರೆ, ಭಾಷೆ, ಬೆಳೆ, ಆಹಾರ ಪದ್ಧತಿ ಮತ್ತು ಹಳೆಯ ಆಳ್ವಿಕೆಗಳ ನೆನಪಿನಿಂದ ತಾವಾಗಿ ರೂಪುಗೊಂಡ ಸಾಂಪ್ರದಾಯಿಕ ಪ್ರದೇಶಗಳು ಇನ್ನೊಂದು ಬಗೆಯವು. ಇವೆರಡರ ನಡುವಣ ಎಳೆದಾಟ ಫ್ರಾನ್ಸಿನ ಇತಿಹಾಸದಲ್ಲಿ ಎದ್ದು ಕಾಣುತ್ತದೆ.

1789ರ ಕ್ರಾಂತಿಗೆ ಮುನ್ನ ಬ್ರಿಟನಿ, ನಾರ್ಮಂಡಿ, ಬರ್ಗಂಡಿ, ಆಲ್ಸಾಸ್ ಮೊದಲಾದ ಪ್ರಾಂತಗಳು ತಂತಮ್ಮ ಕಟ್ಟಳೆ, ತೆರಿಗೆ ಹಾಗೂ ವಿನಾಯಿತಿಗಳನ್ನು ಉಳಿಸಿಕೊಂಡಿದ್ದವು. ಗಾಬೆಲ್ ಎಂಬ ಉಪ್ಪಿನ ತೆರಿಗೆ ಬ್ರಿಟನಿಗೆ ಅನ್ವಯಿಸುತ್ತಿರಲಿಲ್ಲ. ಗಡಿಯಾಚೆಯ ಆಂಜೂ ಪ್ರಾಂತದಲ್ಲಿ ಅದೇ ಉಪ್ಪು ಹಲವು ಪಟ್ಟು ದುಬಾರಿಯಾಗಿದ್ದುದರಿಂದ, ಹೆಂಗಸರು ಮತ್ತು ಮಕ್ಕಳು ಕೂಡ ಅದನ್ನು ಕದ್ದು ಸಾಗಿಸುತ್ತಿದ್ದರು. ಇಂಥ ಅಸಮಾನತೆಯನ್ನು ತೊಡೆಯಲು ಕ್ರಾಂತಿಯ ಸಂವಿಧಾನ ಸಭೆಯು 1790ರಲ್ಲಿ ಪ್ರಾಂತಗಳನ್ನು ರದ್ದುಪಡಿಸಿ, ದೇಶವನ್ನು ಸುಮಾರಾಗಿ ಸಮ ವಿಸ್ತಾರದ 83 ‘ಡಿಪಾರ್ಟ್‌ಮೆಂಟ್’ಗಳಾಗಿ, ಅಂದರೆ ನಮ್ಮ ಜಿಲ್ಲೆಗಳನ್ನು ಹೋಲುವ ಘಟಕಗಳಾಗಿ, ವಿಂಗಡಿಸಿತು. ಹಳೆಯ ನಿಷ್ಠೆ ಮರೆಯಾಗಲೆಂದು ಇವುಗಳಿಗೆ ಹೆಚ್ಚಾಗಿ ನದಿ ಮತ್ತು ಪರ್ವತಗಳ ಹೆಸರುಗಳನ್ನೇ ಇಡಲಾಯಿತು; ಬ್ರಿಟನಿಯೊಂದೇ ಐದು ಭಾಗಗಳಾಯಿತು. 1800ರಲ್ಲಿ ನೆಪೋಲಿಯನ್ ಪ್ರತಿಯೊಂದಕ್ಕೂ ‘ಪ್ರಿಫೆಕ್ಟ್’ ಎಂಬ ಅಧಿಕಾರಿಯನ್ನು ನೇಮಿಸಿ, ಪ್ಯಾರಿಸ್ಸಿನ ಆಜ್ಞೆ ‘ಕಮ್ಯೂನ್’ ಎಂಬ ಕಟ್ಟಕಡೆಯ ಸ್ಥಳೀಯ ಘಟಕದವರೆಗೂ ತಲುಪುವಂತೆ ಮಾಡಿದನು.

ಆದರೂ ಪ್ರಾಂತಗಳು ಜನಮನದಿಂದ ಅಳಿಯಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಆರ್ಥಿಕ ಯೋಜನೆಗಾಗಿ ಹಲವು ಡಿಪಾರ್ಟ್‌ಮೆಂಟ್‌ಗಳನ್ನು ಕೂಡಿಸಿ ‘ರೀಜನ್’ಗಳನ್ನು ರಚಿಸಿದಾಗ, ಬ್ರಿಟನಿ, ಬರ್ಗಂಡಿ, ಆಲ್ಸಾಸ್‌ಗಳಂಥ ಹಳೆಯ ಹೆಸರುಗಳು ಅಧಿಕೃತ ಭೂಪಟಕ್ಕೆ ಮರಳಿದವು. ಆದರೆ ಗಡಿಗಳು ಎಲ್ಲೆಡೆ ಹಿಂದಿನಂತೆಯೇ ಮರಳಲಿಲ್ಲ. ಬ್ರಿಟನಿಯ ಡ್ಯೂಕರ ಕೋಟೆ ನಾಂತ್ ನಗರದಲ್ಲಿದ್ದರೂ, ಆ ನಗರವು ಇಂದು ಆಡಳಿತದ ದೃಷ್ಟಿಯಿಂದ ‘ಪೇ ದ ಲ ಲ್ವಾರ್’ ಎಂಬ ನೆರೆಯ ರೀಜನ್ನಿನ ಕೇಂದ್ರವಾಗಿದೆ. ಅದನ್ನು ಬ್ರಿಟನಿಗೆ ಸೇರಿಸಬೇಕೆಂಬ ಬೇಡಿಕೆ ದಶಕಗಳಿಂದ ಜೀವಂತವಾಗಿದೆ.

2016ರಲ್ಲಿ ಯುರೋಪಿನಲ್ಲಿರುವ ಫ್ರಾನ್ಸಿನ 22 ರೀಜನ್‌ಗಳನ್ನು 13ಕ್ಕೆ ಇಳಿಸಿದಾಗ, ಇಬ್ಭಾಗವಾಗಿದ್ದ ನಾರ್ಮಂಡಿ ಮತ್ತೆ ಒಂದಾಯಿತು. ಆಲ್ಸಾಸ್ ಮಾತ್ರ ವಿಶಾಲವಾದ ‘ಗ್ರಾಂದೆಸ್ತ್’ನಲ್ಲಿ ವಿಲೀನಗೊಂಡಿತು. ಅಲ್ಲಿನವರ ಅಸಮಾಧಾನದ ಫಲವಾಗಿ, ಆ ರೀಜನ್ನಿನ ಒಳಗೇ ಉಳಿದು ವಿಶೇಷ ಅಧಿಕಾರಗಳನ್ನು ಪಡೆದ ಆಲ್ಸಾಸ್ ಆಡಳಿತ ಘಟಕವೊಂದು 2021ರಲ್ಲಿ ಅಸ್ತಿತ್ವಕ್ಕೆ ಬಂದಿತು.

ಉಪ್ಪಿನ ಬೆಲೆಯಲ್ಲಿದ್ದ ಅನ್ಯಾಯವನ್ನು ಕೊನೆಗಾಣಿಸಲು ಏಕರೂಪದ ಆಡಳಿತ ಅಗತ್ಯವಾಗಿತ್ತು ಎಂಬುದು ನಿಜ. ಆದರೆ ಪ್ರಜೆಗಳಿಗೆ ಸಮಾನ ಹಕ್ಕುಗಳನ್ನು ನೀಡುವುದಕ್ಕಾಗಿ ಅವರ ನಾಡಿನ ಹೆಸರನ್ನೂ ನೆನಪನ್ನೂ ಅಳಿಸಬೇಕಾದ ಅಗತ್ಯವಿಲ್ಲ ಎಂಬುದನ್ನು ಫ್ರಾನ್ಸಿನ ಎರಡು ಶತಮಾನಗಳ ಅನುಭವ ಸ್ಪಷ್ಟಪಡಿಸುತ್ತದೆ.