ಸ್ವಭಾವ, ವಂಶವಾಹಿ ಮತ್ತು ಮಾನಸಿಕ ಆರೋಗ್ಯ: ಆಳಂದ, ಅಫಜಲಪುರ ಹಾಗೂ ಜೇವರ್ಗಿ ತಾಲ್ಲೂಕುಗಳ ಅರ್ಜಿದಾರರಿಗೆ ಮಾಹಿತಿ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳಲ್ಲಿ ವಾಸಿಸುವ ಮಾನಸಿಕ ಅಸ್ವಸ್ಥತೆಯುಳ್ಳ ವ್ಯಕ್ತಿಗಳು ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪಡೆಯಲು ಹಾಗೂ ನಿಯಮಾನುಸಾರ ವಿಕಲಚೇತನರ ಗುರುತಿನ ಚೀಟಿಗೆ ಅರ್ಜಿ ಸಲ್ಲಿಸಲು ಅವಕಾಶವಿರುತ್ತದೆ. ಆದರೆ ಮನೆಯ ಒಬ್ಬರ ಹೆಸರಿನಲ್ಲಿ ಇಂತಹ ಚೀಟಿ ಪಡೆದರೆ ಇಡೀ ಮನೆತನಕ್ಕೆ ಹುಚ್ಚಿನ ಹೆಸರು ಅಂಟುವುದು, ಮನೆಯಲ್ಲಿರುವ ಹೆಣ್ಣುಮಕ್ಕಳ ಸಂಬಂಧ ಕುದುರದೆ ಹೋಗುವುದು ಎಂಬ ಆತಂಕದಿಂದ ಕುಟುಂಬದವರು ಹಿಂಜರಿಯುವುದುಂಟು. ಮಾನಸಿಕ ಕಾಯಿಲೆಯು ರಕ್ತದಲ್ಲಿಯೇ ಹರಿದು ಬರುತ್ತದೆ ಎಂಬ ನಂಬಿಕೆಯೇ ಈ ಆತಂಕದ ಮೂಲವಾಗಿದೆ. ಈ ನಂಬಿಕೆಯಲ್ಲಿ ಸತ್ಯಾಂಶವೆಷ್ಟು ಎಂಬುದನ್ನು ಸಾರ್ವಜನಿಕರ ತಿಳುವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಸ್ವಭಾವವು ಹುಟ್ಟಿನಿಂದ ಬರುವುದೇ?

ಭಾಗಶಃ ಹೌದು. ತದ್ರೂಪಿ ಅವಳಿಗಳ ವಂಶವಾಹಿಗಳು ಹೆಚ್ಚುಕಡಿಮೆ ಪೂರ್ಣವಾಗಿ ಒಂದೇ ಆಗಿರುತ್ತವೆ; ಇತರ ಅವಳಿಗಳಲ್ಲಿ ಸಾಮಾನ್ಯ ಒಡಹುಟ್ಟಿದವರಲ್ಲಿರುವಷ್ಟೇ ಹೋಲಿಕೆ ಇರುತ್ತದೆ. ಈ ಎರಡು ಬಗೆಯ ಅವಳಿಗಳನ್ನು ಹೋಲಿಸಿ ನಡೆಸಿದ ಅಧ್ಯಯನಗಳ ಪ್ರಕಾರ, ಜನರ ನಡುವೆ ಕಂಡುಬರುವ ಸ್ವಭಾವದ ವ್ಯತ್ಯಾಸಗಳಲ್ಲಿ ಸುಮಾರು ಶೇ. 40ರಿಂದ 50ರಷ್ಟು ವಂಶವಾಹಿಗಳ ವ್ಯತ್ಯಾಸದಿಂದ ಉಂಟಾಗುತ್ತದೆ. ಬೇಗ ಚಿಂತೆಗೊಳಗಾಗುವುದು, ಜನರೊಡನೆ ಬೆರೆಯುವುದು, ಕೆಲಸದಲ್ಲಿ ಶಿಸ್ತು ಮುಂತಾದ ಗುಣಗಳಿಗೆ ಇದು ಅನ್ವಯಿಸುತ್ತದೆ.

ಈ ಅಂಕಿಯನ್ನು ತಪ್ಪಾಗಿ ಅರ್ಥೈಸುವವರೇ ಹೆಚ್ಚು. ಒಬ್ಬ ವ್ಯಕ್ತಿಯ ಸ್ವಭಾವದ ಅರ್ಧ ತಂದೆತಾಯಿಯಿಂದ, ಉಳಿದರ್ಧ ಪರಿಸರದಿಂದ ಬಂದಿದೆ ಎಂದು ಇದರ ಅರ್ಥವಲ್ಲ. ಒಂದೇ ತಳಿಯ ತೊಗರಿಯನ್ನು ಭೀಮಾ ದಂಡೆಯ ನೀರಾವರಿ ಹೊಲದಲ್ಲಿಯೂ ಆಳಂದದ ಮಳೆಯಾಶ್ರಿತ ಹೊಲದಲ್ಲಿಯೂ ಬಿತ್ತಿದಾಗ ಇಳುವರಿ ಒಂದೇ ಬರುವುದಿಲ್ಲ. ಬಂದ ಇಳುವರಿಯಲ್ಲಿ ಬೀಜದ ಪಾಲೆಷ್ಟು, ನೀರಿನ ಪಾಲೆಷ್ಟು ಎಂದು ಒಂದು ಗಿಡವನ್ನು ನೋಡಿ ಹೇಳಲಾಗದು. ಮನುಷ್ಯರ ವಿಷಯವೂ ಹಾಗೆಯೇ.

ಸ್ವಭಾವಕ್ಕೂ ಕಾಯಿಲೆಗೂ ಇರುವ ಸಂಬಂಧ

ಅತಿಯಾಗಿ ಚಿಂತಿಸುವ ಸ್ವಭಾವಕ್ಕೆ ಸಂಬಂಧಿಸಿದ ವಂಶವಾಹಿ ವ್ಯತ್ಯಾಸಗಳಲ್ಲಿ ಬಹುಪಾಲು ಖಿನ್ನತೆ ಮತ್ತು ಆತಂಕದ ಕಾಯಿಲೆಗಳಿಗೂ ಸಂಬಂಧಿಸಿವೆ ಎಂಬುದು ದೃಢಪಟ್ಟಿದೆ. 2018ರಲ್ಲಿ ಸುಮಾರು 4 ಲಕ್ಷ 49 ಸಾವಿರ ಜನರ ಮಾಹಿತಿಯನ್ನು ಪರಿಶೀಲಿಸಿದ ಅಧ್ಯಯನವೊಂದರಲ್ಲಿ ಈ ಸ್ವಭಾವಕ್ಕೆ ಸಂಬಂಧಿಸಿದ 136 ಸ್ಥಾನಗಳು ವಂಶವಾಹಿಗಳಲ್ಲಿ ಪತ್ತೆಯಾದವು. ಪ್ರತಿಯೊಂದರ ಪರಿಣಾಮವೂ ಅತ್ಯಲ್ಪ. ‘ಖಿನ್ನತೆಯ ಜೀನ್’ ಎಂದು 2003ರಿಂದ ಬಹಳ ಪ್ರಚಾರ ಪಡೆದ ಒಂದು ವಂಶವಾಹಿಯು, 2019ರಲ್ಲಿ ಲಕ್ಷಾಂತರ ಜನರ ಮಾಹಿತಿಯೊಂದಿಗೆ ಪರೀಕ್ಷಿಸಿದಾಗ ನಿರೀಕ್ಷಿತ ಪರಿಣಾಮವನ್ನೇ ತೋರಲಿಲ್ಲ. ಪತ್ರಿಕೆಗಳಲ್ಲಿ ಆಗಾಗ್ಗೆ ಬರುವ ‘ಒಂದು ಕಾಯಿಲೆಗೆ ಒಂದು ಜೀನ್’ ಎಂಬ ಸುದ್ದಿಗಳನ್ನು ಈ ಕಾರಣದಿಂದ ಎಚ್ಚರಿಕೆಯಿಂದ ಓದತಕ್ಕದ್ದು.

ಅಲ್ಲದೆ, ಚಿಂತಿಸುವ ಸ್ವಭಾವವು ಸ್ವತಃ ಕಾಯಿಲೆಯಲ್ಲ. 2020ರ ಅಕ್ಟೋಬರ್ ತಿಂಗಳಲ್ಲಿ ಭೀಮಾ ನದಿಯ ಪ್ರವಾಹಕ್ಕೆ ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಗ್ರಾಮಗಳು ತುತ್ತಾದವು. ಇಂತಹ ಆಪತ್ತು, ಬೆಳೆನಷ್ಟ, ಸಾಲ, ಮದ್ಯವ್ಯಸನ, ದುಡಿಮೆಗಾಗಿ ಊರು ಬಿಟ್ಟು ದೂರದ ನಗರಗಳಲ್ಲಿ ಒಂಟಿಯಾಗಿ ಇರಬೇಕಾದ ಸ್ಥಿತಿ ಇವು ಒದಗಿದಾಗ, ಅಂತಹ ಸ್ವಭಾವದವರಲ್ಲಿ ಖಿನ್ನತೆ ಉಂಟಾಗುವ ಸಂಭವ ಇತರರಿಗಿಂತ ಹೆಚ್ಚಾಗಿರುತ್ತದೆ. ಹೆಚ್ಚಿನವರು ಇಂತಹ ಕಷ್ಟವನ್ನು ದಾಟುತ್ತಾರೆ. ದಾಟಲಾಗದವರಿಗೆ ಚಿಕಿತ್ಸೆ ಇದೆ.

ಕುಟುಂಬದಲ್ಲಿ ಒಬ್ಬರಿಗೆ ಕಾಯಿಲೆ ಇದ್ದಲ್ಲಿ

ಸ್ಕಿಜೋಫ್ರೀನಿಯಾ ಕಾಯಿಲೆಯಲ್ಲಿ ಆನುವಂಶಿಕತೆಯ ಪ್ರಭಾವ ಅಧಿಕ. ಆದಾಗ್ಯೂ ಅಂಕಿಗಳನ್ನು ಗಮನಿಸುವುದು ಅಗತ್ಯ. ಸಾಮಾನ್ಯ ಜನರಲ್ಲಿ ಜೀವಮಾನದಲ್ಲಿ ಸುಮಾರು 100ಕ್ಕೆ ಒಬ್ಬರಿಗೆ ಈ ಕಾಯಿಲೆ ಬರಬಹುದು. ತಂದೆ ಅಥವಾ ತಾಯಿಗೆ ಕಾಯಿಲೆ ಇದ್ದಲ್ಲಿ ಮಕ್ಕಳಲ್ಲಿ ಈ ಸಂಭವ 100ಕ್ಕೆ ಸುಮಾರು 10; ಅಂದರೆ 90 ಮಕ್ಕಳಿಗೆ ಈ ಕಾಯಿಲೆ ಬರುವುದಿಲ್ಲ. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಕಾಯಿಲೆ ಇದ್ದರೂ ಇನ್ನೊಬ್ಬರಿಗೆ ಬರುವ ಸಂಭವ ಅರ್ಧದಷ್ಟನ್ನು ಮೀರುವುದಿಲ್ಲ. ಇನ್ನೊಂದು ಕಡೆಯಿಂದ ನೋಡಿದರೆ, ಈ ಕಾಯಿಲೆಯುಳ್ಳವರಲ್ಲಿ ಹೆಚ್ಚಿನವರ ತಂದೆತಾಯಿಗೆ ಈ ಕಾಯಿಲೆ ಇರುವುದೇ ಇಲ್ಲ. ಆದುದರಿಂದ ಅಣ್ಣನ ಕಾಯಿಲೆಯನ್ನು ಆಧರಿಸಿ ತಂಗಿಯ ಸಂಬಂಧವನ್ನು ನಿರಾಕರಿಸುವುದಕ್ಕೆ ವೈದ್ಯಕೀಯ ಆಧಾರವಿಲ್ಲ.

ಈ ಭಾಗದಲ್ಲಿ ಸೋದರಮಾವ ಅಥವಾ ಅತ್ತೆ-ಮಾವನ ಮಕ್ಕಳೊಡನೆ ವಿವಾಹವಾಗುವ ರೂಢಿ ಇದೆ. ಇಂತಹ ವಿವಾಹಗಳಿಂದ ಮಕ್ಕಳಲ್ಲಿ ಕೆಲವು ಅಪರೂಪದ ಆನುವಂಶಿಕ ಕಾಯಿಲೆಗಳು ಮತ್ತು ಬುದ್ಧಿಮಾಂದ್ಯತೆ ಉಂಟಾಗುವ ಸಂಭವ ಹೆಚ್ಚುವುದು ನಿಜ. ಆದರೆ ಬುದ್ಧಿಮಾಂದ್ಯತೆ ಬೇರೆ, ಮಾನಸಿಕ ಅಸ್ವಸ್ಥತೆ ಬೇರೆ. ಅರ್ಜಿ ನಮೂನೆಯಲ್ಲಿಯೂ ಇವೆರಡನ್ನೂ ಪ್ರತ್ಯೇಕವಾಗಿ ನಮೂದಿಸಬೇಕಾಗುತ್ತದೆ.

ರಕ್ತಪರೀಕ್ಷೆಯಿಂದ ತಿಳಿಯಬಹುದೇ?

ಯಾರಿಗೆ ಖಿನ್ನತೆ ಅಥವಾ ಸ್ಕಿಜೋಫ್ರೀನಿಯಾ ಬರುವುದೆಂದು ಮುಂಚಿತವಾಗಿ ತಿಳಿಸುವ ವಂಶವಾಹಿ ಪರೀಕ್ಷೆ ಚಿಕಿತ್ಸಾ ಬಳಕೆಯಲ್ಲಿಲ್ಲ. ಇದುವರೆಗಿನ ದೊಡ್ಡ ಅಧ್ಯಯನಗಳಲ್ಲಿ ಬಹುತೇಕ ಯುರೋಪ್ ಮೂಲದ ಜನರೇ ಇರುವುದರಿಂದ, ಅವುಗಳ ಲೆಕ್ಕವನ್ನು ಕಲಬುರಗಿಯ ಒಂದು ಕುಟುಂಬಕ್ಕೆ ನೇರವಾಗಿ ಅನ್ವಯಿಸಲಾಗದು. ಈ ಕೊರತೆಯನ್ನು ತುಂಬುವ ದಿಸೆಯಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರ ಮತ್ತು ಇನ್‌ಸ್ಟೆಮ್ ಸಂಸ್ಥೆಗಳೊಡಗೂಡಿ 2016ರಲ್ಲಿ ಸಂಶೋಧನಾ ಯೋಜನೆಯೊಂದನ್ನು ಆರಂಭಿಸಿತು. ಒಂದಕ್ಕಿಂತ ಹೆಚ್ಚು ಸದಸ್ಯರಿಗೆ ತೀವ್ರ ಮಾನಸಿಕ ಕಾಯಿಲೆ ಇರುವ ಕುಟುಂಬಗಳನ್ನು ಅದರಲ್ಲಿ ಅಧ್ಯಯನಕ್ಕೆ ಒಳಪಡಿಸಲಾಯಿತು. ಅದೇ ಕುಟುಂಬದ ಆರೋಗ್ಯವಂತ ಸದಸ್ಯರನ್ನೂ ಪರೀಕ್ಷಿಸಿರುವುದು ಇಲ್ಲಿ ಗಮನಾರ್ಹ: ಒಂದೇ ಮನೆಯಲ್ಲಿ ಹುಟ್ಟಿಯೂ ಅವರಿಗೆ ಕಾಯಿಲೆ ಏಕೆ ಬರಲಿಲ್ಲ ಎಂಬುದು ಅಷ್ಟೇ ಮುಖ್ಯವಾದ ಪ್ರಶ್ನೆಯಾಗಿದೆ.

ಕಾನೂನು ಮತ್ತು ಸೌಲಭ್ಯಗಳು

ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017 ದಿನಾಂಕ 29-05-2018ರಿಂದ ಜಾರಿಯಲ್ಲಿದೆ. ಅದರ 3ನೇ ಪ್ರಕರಣದಂತೆ, ಹಿಂದೆ ಚಿಕಿತ್ಸೆ ಪಡೆದಿದ್ದರೆಂಬ ಒಂದೇ ಕಾರಣಕ್ಕೆ ಯಾರನ್ನೂ ಮಾನಸಿಕ ಅಸ್ವಸ್ಥರೆಂದು ನಿರ್ಧರಿಸತಕ್ಕದ್ದಲ್ಲ. ಕಾಯಿಲೆ ಇದೆಯೆಂದ ಮಾತ್ರಕ್ಕೆ, ನ್ಯಾಯಾಲಯವು ಘೋಷಿಸದ ಹೊರತು, ಆ ವ್ಯಕ್ತಿ ಬುದ್ಧಿಸ್ವಾಧೀನವಿಲ್ಲದವರೆಂದು ಭಾವಿಸತಕ್ಕದ್ದಲ್ಲ. 23ನೇ ಪ್ರಕರಣದಡಿ ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿಡಿಸಿಕೊಳ್ಳುವ ಹಕ್ಕು ಇರುತ್ತದೆ.

ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಶ್ರೀ ದತ್ತಾತ್ರೇಯ ಕ್ಷೇತ್ರಕ್ಕೆ ಮಾನಸಿಕ ತೊಂದರೆಯುಳ್ಳವರನ್ನು ದೂರದ ಊರುಗಳಿಂದಲೂ ಕರೆತರುವುದು ಬಹುಕಾಲದ ಪದ್ಧತಿ. ಸೇವೆ, ಹರಕೆಗಳಿಗೆ ವೈದ್ಯರ ಆಕ್ಷೇಪಣೆ ಇರುವುದಿಲ್ಲ. ಆದರೆ ಅದಕ್ಕಾಗಿ ಮಾತ್ರೆಗಳನ್ನು ನಿಲ್ಲಿಸಬಾರದು. ರೋಗಿಯನ್ನು ಸರಪಳಿಯಿಂದ ಕಟ್ಟುವುದನ್ನು 95ನೇ ಪ್ರಕರಣವು ನಿಷೇಧಿಸಿದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ ಬೆಂಕಿ ಹೊತ್ತಿಕೊಂಡಾಗ, ಸರಪಳಿಯಲ್ಲಿ ಬಂಧಿತರಾಗಿದ್ದ ರೋಗಿಗಳು ತಪ್ಪಿಸಿಕೊಳ್ಳಲಾಗದೆ 28 ಜನರು ಮೃತಪಟ್ಟರು.

ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ 21 ವಿಧದ ವಿಕಲತೆಗಳಲ್ಲಿ ಮಾನಸಿಕ ಅಸ್ವಸ್ಥತೆಯೂ ಸೇರಿದೆ. ವಿಕಲತೆಯ ಪ್ರಮಾಣವನ್ನು ಸ್ವಂತ ಆರೈಕೆ, ಇತರರೊಡನೆ ಸಂಬಂಧ, ಸಂವಹನ ಮತ್ತು ಕೆಲಸ ಮಾಡುವ ಸಾಮರ್ಥ್ಯವನ್ನು ಪರಿಶೀಲಿಸಿ ನಿಗದಿಪಡಿಸಲಾಗುತ್ತದೆ. ಇದು ಅರ್ಜಿದಾರರೊಬ್ಬರ ಸ್ಥಿತಿಯ ಪ್ರಮಾಣ ಪತ್ರವೇ ಹೊರತು ಕುಟುಂಬದ ಕುರಿತಾದುದಲ್ಲ. ಹೆಚ್ಚಿನ ಸೌಲಭ್ಯಗಳಿಗೆ ಕನಿಷ್ಠ ಶೇ. 40ರಷ್ಟು ವಿಕಲತೆ ಇರಬೇಕಾಗುತ್ತದೆ.

ಅರ್ಜಿಯನ್ನು ಯು.ಡಿ.ಐ.ಡಿ. ಜಾಲತಾಣದ ಮೂಲಕ ಸಲ್ಲಿಸಬಹುದಾಗಿದೆ. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದಕ್ಕೆ ನೆರವಾಗುತ್ತಾರೆ. ಆಧಾರ್, ವಿಳಾಸದ ದಾಖಲೆ ಮತ್ತು ಭಾವಚಿತ್ರದೊಂದಿಗೆ ಹಳೆಯ ಔಷಧ ಚೀಟಿಗಳನ್ನೂ ತಪ್ಪದೆ ತರುವುದು; ಅವು ಇಲ್ಲದಿದ್ದಲ್ಲಿ ಕಾಯಿಲೆಯ ಅವಧಿಯನ್ನು ನಿರ್ಧರಿಸುವುದು ವೈದ್ಯರಿಗೆ ಕಷ್ಟವಾಗುತ್ತದೆ. ಮನೋವೈದ್ಯರು ಲಭ್ಯವಿರುವ ದಿನವನ್ನು ಆಯಾ ತಾಲ್ಲೂಕು ಆಸ್ಪತ್ರೆಯಲ್ಲಿ ಮುಂಚಿತವಾಗಿ ವಿಚಾರಿಸುವುದು. ಹೆಚ್ಚಿನ ಚಿಕಿತ್ಸೆಗೆ ಕಲಬುರಗಿಯ ಜಿಮ್ಸ್ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗವನ್ನು ಸಂಪರ್ಕಿಸಬಹುದು. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದಾಗಿದೆ.