ಲ್ಯಾಟಿನ್ ವ್ಯಾಕರಣ ಪ್ರವೇಶಕ್ಕೆ ಕನ್ನಡದ ದಾರಿ

ಬಿಲ್ವ, ತುಂಬೆ, ಎಕ್ಕ ಇವು ಶಿವಪೂಜೆಗೆ ಒದಗುವ ಪತ್ರಪುಷ್ಪಗಳೆಂಬುದು ಎಲ್ಲರೂ ಬಲ್ಲ ವಿಷಯ. ಬೆಂಗಳೂರಿನ ಪಶ್ಚಿಮಕ್ಕೆ, ಕೆಂಗೇರಿಯ ಕಡೆಗೆ ಸಾಗುವ ಮಾರ್ಗದಲ್ಲಿರುವ ಜ್ಞಾನಭಾರತಿಯಲ್ಲಿ ಸಸ್ಯಶಾಸ್ತ್ರವನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಯು ಇವನ್ನೇ ಈಗ್ಲೆ ಮಾರ್ಮೆಲೋಸ್, ಲ್ಯೂಕಾಸ್ ಆಸ್ಪೆರ, ಕ್ಯಾಲೋಟ್ರೋಪಿಸ್ ಜೈಗಾಂಟಿಯ ಎಂಬ ಹೆಸರುಗಳಿಂದ ಗುರುತಿಸಬೇಕಾಗುತ್ತದೆ. ದಿನವೂ ಕೈಯಲ್ಲಿ ಹಿಡಿದ ಗಿಡವು ತರಗತಿಯಲ್ಲಿ ಅಪರಿಚಿತವಾಗಿ ನಿಲ್ಲುತ್ತದೆ. ಈ ಹೆಸರುಗಳು ಲ್ಯಾಟಿನ್ ವ್ಯಾಕರಣಕ್ಕೆ ಅಧೀನವಾದವುಗಳೆಂಬ ಅರಿವಿಲ್ಲದೆ ಅವನ್ನು ಕಂಠಪಾಠ ಮಾಡಿದವನಿಗೆ ಅವು ಅರ್ಥವಿಲ್ಲದ ಅಕ್ಷರಗಳಾಗಿಯೇ ಉಳಿಯುತ್ತವೆ. ಪರೀಕ್ಷೆ ಮುಗಿದ ಮರುದಿನ ಮರೆತೂ ಹೋಗುತ್ತವೆ.

ಲ್ಯಾಟಿನ್ ಕಲಿಯಬೇಕೆಂಬ ಕನ್ನಡಿಗನ ಕೈಗೆ ಸಾಮಾನ್ಯವಾಗಿ ಸಿಕ್ಕುವುದು ಇಂಗ್ಲಿಷಿನಲ್ಲಿ ಬರೆದ ಬಾಲಬೋಧೆ. ಅದು ಇಂಗ್ಲಿಷ್ ಮಾತೃಭಾಷೆಯಾದ ಮಕ್ಕಳಿಗಾಗಿ ರಚಿತವಾದುದು. ಆ ಮಕ್ಕಳಿಗೆ ಕಠಿಣವಾದುದನ್ನು ಅದು ಹತ್ತು ಪುಟ ವಿವರಿಸುತ್ತದೆ. ಅದರಲ್ಲಿ ಬಹುಭಾಗ ಕನ್ನಡಿಗನಿಗೆ ಹುಟ್ಟಿನಿಂದಲೇ ಬಂದಿರುವ ವಿದ್ಯೆ. ಕೇಶಿರಾಜನ ಶಬ್ದಮಣಿದರ್ಪಣವನ್ನು ಒಂದಿಷ್ಟು ಓದಿಕೊಂಡ ಸಾಹಿತ್ಯ ವಿದ್ಯಾರ್ಥಿಗಂತೂ ಲ್ಯಾಟಿನ್ನಿನ ಬಾಗಿಲು ಅರ್ಧ ತೆರೆದೇ ಇದೆ.

ಮೊದಲು ವಾಕ್ಯವನ್ನು ನೋಡಬಹುದು. 'ಫೀಲಿಯ ಮಾತ್ರೆಮ್ ಅಮತ್' ಎಂದರೆ ಮಗಳು ತಾಯಿಯನ್ನು ಪ್ರೀತಿಸುತ್ತಾಳೆ. ಕರ್ತೃ, ಕರ್ಮ, ಕ್ರಿಯೆ ಎಂಬ ಈ ಕ್ರಮ ಕನ್ನಡದ್ದೇ ಕ್ರಮ. 'ಮಾತ್ರೆಮ್ ಫೀಲಿಯ ಅಮತ್' ಎಂದು ತಿರುವಿದರೂ ಅರ್ಥ ಕೆಡುವುದಿಲ್ಲ. 'ತಾಯಿಯನ್ನು ಮಗಳು' ಎಂದರೆ ನಮ್ಮಲ್ಲಿಯೂ ಕೆಡುವುದಿಲ್ಲ. ಪದದ ಸ್ಥಾನದಿಂದ ಕಾರಕವನ್ನು ನಿರ್ಣಯಿಸುವ ಇಂಗ್ಲಿಷಿನವನಿಗೆ ಇದು ವಿಸ್ಮಯ. ಪ್ರತ್ಯಯದಿಂದ ನಿರ್ಣಯಿಸುವ ಕನ್ನಡಿಗನಿಗೆ ನಿತ್ಯದ ಮಾತು. ಕ್ರಿಯಾಪದದ ಸಂಗತಿಯೂ ಹಾಗೆಯೇ. 'ಅಮೋ' ಎಂದರೆ ಪ್ರೀತಿಸುತ್ತೇನೆ, 'ಅಮಾಸ್' ಎಂದರೆ ಪ್ರೀತಿಸುತ್ತೀಯೆ. ನಾನು, ನೀನು ಎಂದು ಬೇರೆಯಾಗಿ ಹೇಳಬೇಕಾದುದಿಲ್ಲ. ಪುರುಷವು ಕ್ರಿಯೆಯ ತುದಿಯಲ್ಲಿ ಅಡಗಿದೆ. ಆದರೆ 'ಅಮತ್' ಎಂಬುದೊಂದೇ ರೂಪ ಪ್ರೀತಿಸುತ್ತಾನೆ, ಪ್ರೀತಿಸುತ್ತಾಳೆ, ಪ್ರೀತಿಸುತ್ತದೆ ಎಂಬ ಮೂರಕ್ಕೂ ಸಲ್ಲುತ್ತದೆ. ಇಲ್ಲಿ ಲ್ಯಾಟಿನ್ನಿಗಿಂತ ಕನ್ನಡವೇ ಹೆಚ್ಚು ಹೇಳುತ್ತದೆ.

ಲ್ಯಾಟಿನ್ ಭಾಷೆಯು ವಂಶದಿಂದ ಸಂಸ್ಕೃತಕ್ಕೆ ಬಂಧು, ಕನ್ನಡಕ್ಕೆ ಅಲ್ಲ. ಮಾತೃ ಮತ್ತು 'ಮಾತೆರ್', ಅಸ್ತಿ ಮತ್ತು 'ಎಸ್ತ್', ಸಪ್ತ ಮತ್ತು 'ಸೆಪ್ತೆಮ್' ಇವುಗಳ ಸಾಮ್ಯವನ್ನು ಯಾರೂ ಕಾಣಬಹುದು. ಆದುದರಿಂದ ಸಂಸ್ಕೃತ ಬಲ್ಲವನಿಗೇ ಲ್ಯಾಟಿನ್ ಸುಲಭವೆಂದು ಭಾವಿಸುವುದುಂಟು. ಶಬ್ದಗಳ ಮಟ್ಟಿಗೆ ಅದು ನಿಜ. ವಿಭಕ್ತಿಗಳ ವಿಚಾರಕ್ಕೆ ಬಂದಾಗ ಮಾತು ಬೇರೆಯಾಗುತ್ತದೆ. ಲ್ಯಾಟಿನ್ನಿನಲ್ಲಿ ಸಂಬೋಧನೆಯೂ ಸೇರಿ ವಿಭಕ್ತಿಗಳು ಆರು. ಪ್ರಥಮಾ, ದ್ವಿತೀಯಾ, ಚತುರ್ಥೀ, ಷಷ್ಠೀ ವಿಭಕ್ತಿಗಳು ಗುರುತು ಸಿಕ್ಕುತ್ತವೆ. ತೃತೀಯೆ ಎಲ್ಲಿ? ಸಪ್ತಮಿ ಎಲ್ಲಿ? ತೃತೀಯಾ, ಪಂಚಮೀ, ಸಪ್ತಮೀ ವಿಭಕ್ತಿಗಳ ಕಾರ್ಯವನ್ನು 'ಅಬ್ಲಾತೀವುಸ್' ಎಂಬ ಒಂದೇ ವಿಭಕ್ತಿಯು ಹೆಚ್ಚುಕಡಿಮೆ ನಿರ್ವಹಿಸುತ್ತದೆ. 'ಗ್ಲದಿಯೋ' ಎಂದರೆ ಕತ್ತಿಯಿಂದ. 'ರೋಮಾ' ಎಂದರೆ ರೋಮಿನಿಂದ. ಸಾಧನಕ್ಕೂ ಅಪಾದಾನಕ್ಕೂ ಒಂದೇ ರೂಪವೇ ಎಂದು ಸಂಸ್ಕೃತಜ್ಞನು ತಡೆದು ನಿಲ್ಲುತ್ತಾನೆ. ಕನ್ನಡಿಗನು ನಿಲ್ಲಬೇಕಾದುದಿಲ್ಲ. 'ಕತ್ತಿಯಿಂದ ಕಡಿದನು', 'ಊರಿನಿಂದ ಬಂದನು' ಎರಡರಲ್ಲಿಯೂ ಅವನಿಗೆ 'ಇಂದ' ಒಂದೇ. ಹಳಗನ್ನಡದ ಪಂಚಮಿಗೆ ಕೇಶಿರಾಜನು 'ಅತ್ತಣಿಂ' ಎಂಬ ಪ್ರತ್ಯಯವನ್ನು ಹೇಳಿದನಾದರೂ ಆಡುನುಡಿಯು ತೃತೀಯೆಯಲ್ಲಿಯೇ ಪಂಚಮಿಯನ್ನು ಕಂಡುಕೊಂಡಿದೆ.

ಇದಕ್ಕಿಂತ ರುಚಿಯಾದ ಸಂಗತಿ ಇನ್ನೊಂದಿದೆ. ಇಂಗ್ಲಿಷ್ ಪುಸ್ತಕಗಳು ಲ್ಯಾಟಿನ್ನಿನ ಒಂದು ವಾಕ್ಯರಚನೆಯನ್ನು ಬಹು ಗಹನವೆಂಬಂತೆ ಮುಂದಿನ ಪಾಠಗಳಿಗೆ ತಳ್ಳಿಬಿಡುತ್ತವೆ. 'ಸೋಲೆ ಒರಿಯೆಂತೆ' ಎಂಬುದು ಅದರ ಸರಳ ನಿದರ್ಶನ. ಸೂರ್ಯವಾಚಿಯಾದ ನಾಮಪದವೂ ಉದಯಿಸುವ ಎಂಬರ್ಥದ ಕೃದಂತವೂ ಅಬ್ಲಾತೀವುಸ್ ವಿಭಕ್ತಿಯಲ್ಲಿ ನಿಂತು, ಮುಖ್ಯ ವಾಕ್ಯದೊಡನೆ ಬೇರಾವ ಅನ್ವಯವೂ ಇಲ್ಲದೆ, ಆ ಕ್ರಿಯೆ ನಡೆದ ಸಂದರ್ಭವನ್ನು ಮಾತ್ರ ಸೂಚಿಸುತ್ತವೆ. ಹಳಗನ್ನಡ ಓದಿದವನು ಇದನ್ನು 'ನೇಸರ್ ಮೂಡೆ' ಎಂದು ಎರಡೇ ಮಾತಿನಲ್ಲಿ ಅನುವಾದಿಸಬಲ್ಲನು. ಇದು ನಮ್ಮ ಸತಿಸಪ್ತಮಿಯೇ. ನಾಮಪದದ ವಿಭಕ್ತಿ ಬೇರೆ, ಕ್ರಿಯಾರೂಪದ ಸಿದ್ಧಿ ಬೇರೆ; ಆದರೆ ವಾಕ್ಯದಲ್ಲಿ ಅದು ಮಾಡುವ ಕೆಲಸ ಒಂದೇ. ಚಂಪೂಕಾವ್ಯದ ಒಂದು ಆಶ್ವಾಸವನ್ನು ಪಾಠ ಹೇಳಿಸಿಕೊಂಡ ವಿದ್ಯಾರ್ಥಿಗೆ ಇದನ್ನು ಕಠಿಣವೆಂದು ಹೆದರಿಸುವುದು ಅನ್ಯಾಯ.

ಲಿಪಿಯ ಉಪಕಾರವೂ ಸಣ್ಣದಲ್ಲ. ಲ್ಯಾಟಿನ್ನಿನಲ್ಲಿ ಹ್ರಸ್ವ ದೀರ್ಘಗಳು ಅರ್ಥಭೇದಕ. ಆದರೆ ರೋಮನ್ ಲಿಪಿಯಲ್ಲಿ ಎರಡಕ್ಕೂ ಒಂದೇ ಅಕ್ಷರ. ಕಲಿಯುವವರ ಪುಸ್ತಕಗಳಲ್ಲಿ ದೀರ್ಘದ ಮೇಲೆ ಗೆರೆ ಎಳೆಯುವುದುಂಟು, ಉಳಿದೆಡೆ ಅದೂ ಇಲ್ಲ. ಕನ್ನಡದಲ್ಲಿ ಬರೆದುಕೊಂಡರೆ ಗೊಂದಲವೇ ಇಲ್ಲ. 'ವೆನಿತ್' ಎಂದರೆ ಬರುತ್ತಾನೆ, 'ವೇನಿತ್' ಎಂದರೆ ಬಂದನು. 'ರೊಸ' ಎಂದರೆ ಗುಲಾಬಿ, 'ರೊಸಾ' ಎಂದರೆ ಗುಲಾಬಿಯಿಂದ. ಸಂಸ್ಕೃತದ ವರ್ಣಮಾಲೆಯಲ್ಲಿ ಹ್ರಸ್ವ ಎಕಾರ ಒಕಾರಗಳಿಲ್ಲ, ಕನ್ನಡದಲ್ಲಿವೆ. ಆದುದರಿಂದ ಮೊದಲ ಕೆಲವು ತಿಂಗಳು ರೂಪಾವಳಿಗಳನ್ನು ಕನ್ನಡ ಲಿಪಿಯಲ್ಲಿಯೇ ಬರೆದಿಟ್ಟುಕೊಳ್ಳುವುದು ಲೇಸು. ಪ್ರಾಚೀನರ ಉಚ್ಚಾರಣೆ, ಇಗರ್ಜಿಯ ಉಚ್ಚಾರಣೆ ಎಂಬ ಭೇದವಿದೆ. ಒಂದನ್ನು ಹಿಡಿದು ಬಿಡದಿದ್ದರೆ ಸಾಕು.

ಹಾಗೆಂದು ಎಲ್ಲವೂ ಸುಗಮವಲ್ಲ. ಕನ್ನಡದಲ್ಲಿ 'ಮರಗಳನ್ನು' ಎಂಬಲ್ಲಿ 'ಗಳು' ವಚನಕ್ಕೆ, 'ಅನ್ನು' ವಿಭಕ್ತಿಗೆ. ಎರಡನ್ನೂ ಬಿಡಿಸಿ ತೋರಿಸಬಹುದು. ಲ್ಯಾಟಿನ್ನಿನಲ್ಲಿ ಅವು ಬೆಸೆದುಹೋಗಿವೆ. 'ರೊಸಮ್' ಎಂದರೆ ಗುಲಾಬಿಯನ್ನು, 'ರೊಸಾಸ್' ಎಂದರೆ ಗುಲಾಬಿಗಳನ್ನು. 'ಆಸ್' ಎಂಬುದರಲ್ಲಿ ಬಹುವಚನವೆಷ್ಟು, ದ್ವಿತೀಯೆಯೆಷ್ಟು ಎಂದು ಕತ್ತರಿಸಲಾಗದು. ಅಷ್ಟೇ ಅಲ್ಲದೆ ನಾಮಪದಗಳಿಗೆ 5 ಗಣಗಳು, ಕ್ರಿಯಾಪದಗಳಿಗೆ 4 ಗಣಗಳು. ಒಂದು ಗಣದ ಪ್ರತ್ಯಯ ಇನ್ನೊಂದಕ್ಕೆ ಹೊಂದದು. ಇಲ್ಲಿ ಬಾಯಿಪಾಠವಲ್ಲದೆ ಅನ್ಯಮಾರ್ಗವಿಲ್ಲ. ಅಮರಕೋಶವನ್ನು ಬಾಯಿಪಾಠ ಮಾಡುತ್ತಿದ್ದ ನಾಡಿಗೆ ಇದು ಹೊಸ ಶಿಕ್ಷೆಯೇನೂ ಅಲ್ಲ.

ನಿಜವಾದ ತೊಡಕು ಲಿಂಗದ್ದು. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ. ಗುಣವಾಚಕವು ಯಾವ ಲಿಂಗದ ಮುಂದೆಯೂ ಬದಲಾಗುವುದಿಲ್ಲ. ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ಮರ. ಲ್ಯಾಟಿನ್ನಿನಲ್ಲಿ ಅನುಕ್ರಮವಾಗಿ 'ಬೊನುಸ್', 'ಬೊನ', ಮೂರನೆಯದು ನಪುಂಸಕವಾದರೆ 'ಬೊನುಮ್'. ಮೇಜು ಅಲ್ಲಿ ಸ್ತ್ರೀಲಿಂಗ. ಈ ಪಾಠವನ್ನು ಸಸ್ಯನಾಮಗಳಿಂದ ಕಲಿಯುವಷ್ಟು ಸುಲಭವಾಗಿ ಬೇರೆಲ್ಲಿಯೂ ಕಲಿಯಲಾಗದು. ಗಂಧದ ಮರ ಸ್ಯಾಂಟಲಮ್ ಆಲ್ಬಮ್: ಮೊದಲ ಪದ ನಪುಂಸಕ, ಆದುದರಿಂದ 'ಬಿಳಿಯ' ಎಂಬ ವಿಶೇಷಣವೂ ನಪುಂಸಕ. ತುಂಬೆಯ 'ಆಸ್ಪೆರ' ಎಂದರೆ ಒರಟಾದುದು. ಲ್ಯೂಕಾಸ್ ಸ್ತ್ರೀಲಿಂಗವಾದುದರಿಂದ ಆ ರೂಪ. ಹುಳಿಯಾದ ಒಂದು ನೆಲ್ಲಿಯ ಹೆಸರು ಫಿಲಾಂಥಸ್ ಆಸಿಡಸ್. ಅಲ್ಲಿ ಎರಡೂ ಪುಲ್ಲಿಂಗ. ಅಶ್ವತ್ಥವು ಮಾತ್ರ ವಿದ್ಯಾರ್ಥಿಯನ್ನು ಪರೀಕ್ಷಿಸುತ್ತದೆ. ಅದು ಫೈಕಸ್ ರಿಲಿಜಿಯೋಸ. 'ಉಸ್' ಎಂದು ಮುಗಿಯುವ ಪದಕ್ಕೆ ಸ್ತ್ರೀಲಿಂಗದ ವಿಶೇಷಣವೇಕೆ? ಲ್ಯಾಟಿನ್ನಿನಲ್ಲಿ ಮರಗಳ ಹೆಸರುಗಳು ಪ್ರಾಯಶಃ ಸ್ತ್ರೀಲಿಂಗಗಳು, ಅಂತ್ಯ ಏನೇ ಇರಲಿ. ಬಿಲ್ವದ 'ಮಾರ್ಮೆಲೋಸ್' ಇನ್ನೂ ವಿಚಿತ್ರ. ಅದು ವಿಶೇಷಣವೇ ಅಲ್ಲ. ಪೋರ್ಚುಗೀಸರು ತಮ್ಮ ನಾಡಿನ ಒಂದು ಹಣ್ಣನ್ನು ಕರೆಯುತ್ತಿದ್ದ ನಾಮಪದ. ಆದುದರಿಂದ ಲಿಂಗಸಾಮ್ಯದ ನಿಯಮಕ್ಕೆ ಅದು ಒಳಪಡುವುದಿಲ್ಲ.

ಹೊಸ ಸಸ್ಯವೊಂದನ್ನು ಲೋಕಕ್ಕೆ ಪರಿಚಯಿಸುವವನು ಅದರ ಲಕ್ಷಣವನ್ನು ಲ್ಯಾಟಿನ್ನಿನಲ್ಲಿ ಬರೆಯಲೇಬೇಕೆಂಬ ನಿಯಮವು 1935ರಿಂದ 2011ರ ಕೊನೆಯವರೆಗೆ ಜಾರಿಯಲ್ಲಿತ್ತು. 2012ರಿಂದ ಇಂಗ್ಲಿಷ್ ಆದರೂ ಸಾಕು. ಹೆಸರು ಮಾತ್ರ ಇಂದಿಗೂ ಲ್ಯಾಟಿನ್ ರೂಪದ್ದೇ.

ಬೆಂಗಳೂರಿಗೆ ಈ ಭಾಷೆ ಹೊಸದಲ್ಲ. 1778ರಲ್ಲಿ ಪುದುಚೇರಿಯಲ್ಲಿ ಆರಂಭವಾದ ಸಂತ ಪೀಟರ್ ಗುರುಮಠವು 1934ರಲ್ಲಿ ರಾಜಾಜಿನಗರದ ನೆರೆಯ ಮಲ್ಲೇಶ್ವರಕ್ಕೆ ಬಂದಿತು. ಕ್ರೈಸ್ತ ಪಾದ್ರಿಗಳ ಶಿಕ್ಷಣದಲ್ಲಿ ಲ್ಯಾಟಿನ್ ಆಗ ಅನಿವಾರ್ಯವಾಗಿತ್ತು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಪೂಜಾವಿಧಿಯು ಕನ್ನಡಕ್ಕೆ ತಿರುಗಿತು. ಕನ್ನಡಿಗರಿಗೆ ಸಂತೋಷದ ಆ ಬದಲಾವಣೆಯ ಜೊತೆಯಲ್ಲಿ ಒಂದು ನಷ್ಟವೂ ಆಯಿತು. ಮೈಸೂರು ಪ್ರಾಂತದ ಬಿಷಪ್ಪರಾಗಿದ್ದ ಶಾರ್ಬೊನೋ ಅವರ ಕನ್ನಡ-ಲ್ಯಾಟಿನ್ ನಿಘಂಟು 1855ರಲ್ಲಿ, ಲ್ಯಾಟಿನ್-ಕನ್ನಡ ನಿಘಂಟು 1861ರಲ್ಲಿ ಬೆಂಗಳೂರಿನಲ್ಲಿಯೇ ಅಚ್ಚಾದವು. ಕಿಟೆಲರ ಮಹಾನಿಘಂಟು ಹೊರಬಂದುದು 1894ರಲ್ಲಿ. ಅದಕ್ಕಿಂತ ಸುಮಾರು 40 ವರ್ಷ ಹಿಂದೆ ಕೂಡಿಸಿಟ್ಟ ಕನ್ನಡ ಪದಗಳು ಅಲ್ಲಿವೆ. ಅರ್ಥ ಮಾತ್ರ ಲ್ಯಾಟಿನ್ನಿನಲ್ಲಿದೆ. ಕನ್ನಡ ಪದವಿಮರ್ಶೆ ಮಾಡುವವರು ಅದನ್ನು ತೆರೆಯಬೇಕಾದರೆ ಮೇಲೆ ಹೇಳಿದಷ್ಟು ವ್ಯಾಕರಣವಾದರೂ ಬೇಕು.

ಕೋಶ ನೋಡುವ ಕ್ರಮವನ್ನೂ ಇಲ್ಲಿ ತಿಳಿಯತಕ್ಕದ್ದು. ಲ್ಯಾಟಿನ್ ಕೋಶಗಳು ನಾಮಪದದ ಪ್ರಥಮೆಯ ಜೊತೆಗೆ ಷಷ್ಠಿಯ ರೂಪವನ್ನೂ ಕೊಡುವುದು ವಾಡಿಕೆ. ಗಣವನ್ನು ನಿರ್ಣಯಿಸುವುದು ಷಷ್ಠಿಯೇ. ಅದರ ಪ್ರತ್ಯಯವನ್ನು ಕಳೆದರೆ ಪ್ರಕೃತಿ ಉಳಿಯುತ್ತದೆ. 'ರೊಸಯ್' ಎಂಬುದರಲ್ಲಿ 'ಅಯ್' ಹೋಗಿ 'ರೊಸ್' ಉಳಿದಂತೆ. ಆ ಪ್ರಕೃತಿಗೆ ಉಳಿದ ವಿಭಕ್ತಿಗಳನ್ನು ಹಚ್ಚಿಕೊಂಡು ಹೋಗುವುದು ಮೊದಲ ವಾರದ ಅಭ್ಯಾಸ.