ಅಳಿವೆಯಲ್ಲಿ ಗಾಳಿ ನೋಡಿದ್ರೆ ಸಾಲದು

ಶಾಂಭವಿ, ನಂದಿನಿ ನದಿಗಳು ಸೇರಿ ಕಡಲಿಗೆ ಬೀಳುವ ಜಾಗ ಸಸಿಹಿತ್ಲು. ಇಂಥ ಜಾಗಕ್ಕೆ ಕರಾವಳಿಯಲ್ಲಿ ಅಳಿವೆ ಅಂತಾರೆ. ಬೋರ್ಡಿಗೆ ಹಾಯಿ ಕಟ್ಟಿ ವಿಂಡ್‌ಸರ್ಫಿಂಗ್ ಮಾಡೋ ಆಸೆ ಇರುವ ನಾವೆಲ್ಲ ಮೊಬೈಲಿನಲ್ಲಿ ಮೊದಲು ನೋಡೋದು ಗಾಳಿಯ ವೇಗ. ಅಳಿವೆಯಲ್ಲಿ ಅದು ಅರ್ಧ ಲೆಕ್ಕ ಮಾತ್ರ. ಉಳಿದರ್ಧ ನೀರಿನದು.

ಬೇಸಿಗೆಯ ಮಧ್ಯಾಹ್ನ ನೆಲ ಕಾದಾಗ ಕಡಲಿಂದ ದಡದ ಕಡೆಗೆ ಗಾಳಿ ಬೀಸುತ್ತೆ. ಅದರ ವೇಗ ಸೆಕೆಂಡಿಗೆ 7 ಮೀಟರ್ ಅಂತಿಟ್ಕೊಳ್ಳೋಣ. ಆಗ ಇಳಿತವಿದ್ದು, ನೀರು ಸೆಕೆಂಡಿಗೆ 1 ಮೀಟರಿನಂತೆ ಹೊರಗೆ ಹರೀತಿದ್ರೆ, ನೀರಿನ ಜೊತೆ ತೇಲುವ ಬೋರ್ಡಿನ ಪಾಲಿಗೆ ಗಾಳಿ 8 ಮೀಟರ್. ಬಲ ವೇಗದ ವರ್ಗದಂತೆ ಏರುತ್ತೆ. 64ನ್ನು 49ರಿಂದ ಭಾಗಿಸಿದ್ರೆ ಹಾಯಿಗೆ ಶೇ. 30ರಷ್ಟು ಹೆಚ್ಚು ಬಲ! ಕೇಳೋಕೆ ಚೆನ್ನಾಗಿದೆ, ಆದ್ರೆ ತೊಂದರೆ ಎರಡಿವೆ.

ಮೊದಲನೆಯದು ಅಲೆ. ಆಳ ನೀರಲ್ಲಿ 3 ಸೆಕೆಂಡ್ ಅವಧಿಯ ಅಲೆ ಸೆಕೆಂಡಿಗೆ ಸುಮಾರು 4.7 ಮೀಟರ್ ಸಾಗುತ್ತೆ. ಎದುರಿನ ಹರಿವು ಇದರ ಕಾಲುಭಾಗ, ಅಂದ್ರೆ ಸುಮಾರು 1.2 ಮೀಟರ್ ಮುಟ್ಟಿದ್ರೆ ಅಲೆ ಮುಂದೆ ಹೋಗಲಾರದು. ಅದಕ್ಕೂ ಮೊದಲೇ ಕುಗ್ಗಿ, ಕಡಿದಾಗಿ, ಮುರಿಯೋಕೆ ಶುರುವಾಗುತ್ತೆ. ಅಳಿವೆಯ ಮರಳುದಿಣ್ಣೆ ಮೇಲೆ ನೀರಿನ ಆಳವೂ ಕಡಿಮೆ. ಅಲ್ಲಿ ಬಿದ್ರೆ ಹಾಯಿ ಎತ್ತಿ ನಿಲ್ಲೋದು ಕಷ್ಟ.

ಎರಡನೆಯದು ಸಂಜೆ. ಹೊತ್ತು ಇಳಿದಂತೆ ಗಾಳಿ ನಿಲ್ಲುತ್ತೆ, ಇಳಿತ ನಿಲ್ಲೋದಿಲ್ಲ. ಸೆಕೆಂಡಿಗೆ 1 ಮೀಟರ್ ಅಂದ್ರೆ ಗಂಟೆಗೆ 3.6 ಕಿ.ಮೀ. ನಮ್ಮಲ್ಲಿ ಹೆಚ್ಚಿನವರು ಅಷ್ಟು ವೇಗವಾಗಿ ಈಜಲಾರೆವು. ಹರಿವು ಹಾಗೇ ಇದ್ರೆ ಅರ್ಧ ಗಂಟೇಲಿ 1.8 ಕಿ.ಮೀ. ಹೊರಗೆ!

ಹಾಗಾದ್ರೆ ಯಾವಾಗ ಹೋಗೋದು? ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತೆ. ಈ ಶನಿವಾರ ಮಧ್ಯಾಹ್ನ ಇಳಿತವಿದ್ರೆ, ಮುಂದಿನ ಶನಿವಾರ ಅದೇ ಹೊತ್ತಿಗೆ ಹೆಚ್ಚುಕಡಿಮೆ ಉಬ್ಬರ. ಆಗ ಗಾಳಿಯೂ ನೀರೂ ಒಳಕ್ಕೆ. ಹಾಯಿಗೆ ಬಲ ಸ್ವಲ್ಪ ಕಡಿಮೆ, ಆದ್ರೆ ಗಾಳಿ ಬಿದ್ರೂ ನೀರೇ ನಮ್ಮನ್ನ ಒಳಗೆ ತರುತ್ತೆ. ಮಳೆಗಾಲದಲ್ಲಿ ಮಾತ್ರ ಈ ಲೆಕ್ಕ ನಂಬಬೇಡಿ. ತುಂಬಿದ ಹೊಳೆ ಉಬ್ಬರದಲ್ಲೂ ಹೊರಕ್ಕೇ ನುಗ್ಗಬಹುದು.

ಎಂದಾದ್ರೂ ಸಿಕ್ಕಿಹಾಕಿಕೊಂಡ್ರೆ ಬೋರ್ಡ್ ಬಿಡಬೇಡಿ, ಅದು ತೇಲುತ್ತೆ. ಹರಿವಿಗೆ ಎದುರಾಗಿ ಅಲ್ಲ, ಅಡ್ಡಲಾಗಿ ಸರಿಯಿರಿ. ನೀರಿಗಿಳಿಯೋ ಮುಂಚೆ ದಡದ ಮೀನುಗಾರರನ್ನ ಒಂದು ಮಾತು ಕೇಳಿ: “ಅಣ್ಣಾ, ಈಗ ನೀರು ಯಾವ ಕಡೆಗೆ?” ನಮ್ಮ ಲೆಕ್ಕ ಸರಿಯೋ ತಪ್ಪೋ ಅಲ್ಲೇ ಗೊತ್ತಾಗುತ್ತೆ.